ಹಗುರ ಕೋರ್ಸಿನ ಘನ ಪಂಡಿತ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳಲ್ಲಿ ಒಂದು ವಿಶಿಷ್ಟ ವರ್ಗವಿದ್ದು, ಅದಕ್ಕೆ ಸೇರಿದವನು ಬುದ್ಧಿಯಲ್ಲಿ ಚುರುಕಾದವನೂ ನಡತೆಯಲ್ಲಿ ವಿನಯಶೀಲನೂ ಶ್ರಮಕ್ಕೆ ಹಿಂಜರಿಯದವನೂ ಆಗಿರುತ್ತಾನೆ. ಆದರೆ ಆ ಶ್ರಮದ ಬಹುಪಾಲನ್ನು ಅವನು ಶ್ರಮವಿಲ್ಲದ ಕೋರ್ಸನ್ನು ಹುಡುಕುವುದಕ್ಕೇ ಧಾರೆಯೆರೆಯುತ್ತಾನೆ. ಓದುವುದು ಕಡಿಮೆ, ಬರೆಯುವುದು ಇನ್ನೂ ಕಡಿಮೆ, ಸೆಮಿಸ್ಟರಿನ ಕೊನೆಗೆ ‘ಎ’ ಗ್ರೇಡು ಮಾತ್ರ ಖಚಿತ ಎಂಬ ಮೂರು ಲಕ್ಷಣಗಳು ಕೂಡಿಬಂದ ಕೋರ್ಸಿಗೆ ಅಲ್ಲಿನ ವಿದ್ಯಾರ್ಥಿಗಳು ‘ಜೆಮ್’ ಎನ್ನುವುದರಿಂದ, ಇವನನ್ನು ಜೆಮ್ ಶೋಧಕನೆಂದು ಕರೆಯಲು ಅಡ್ಡಿಯಿಲ್ಲ.

ಈತನನ್ನು ಸೋಮಾರಿಗಳ ಸಾಲಿಗೆ ಸೇರಿಸಿದರೆ ವರ್ಗೀಕರಣವೇ ತಪ್ಪುತ್ತದೆ. ಪದವಿಗಾಗಿ ಸೆಮಿಸ್ಟರಿಗೆ ನಾಲ್ಕರಂತೆ 32 ಕೋರ್ಸುಗಳನ್ನು ಮುಗಿಸಬೇಕಿದ್ದು, ಅವುಗಳಲ್ಲಿ ಒಂದು ಪಾಲು ‘ಕಾನ್ಸಂಟ್ರೇಶನ್’ ಎನಿಸಿದ ಮುಖ್ಯ ವಿಷಯಕ್ಕೂ, ನಾಲ್ಕು ಕೋರ್ಸುಗಳು ‘ಜನರಲ್ ಎಜುಕೇಶನ್’ ಎಂಬ, ಎಲ್ಲರೂ ಓದಲೇಬೇಕಾದ ವಿಶಾಲ ವಿಷಯಗಳಿಗೂ ಮೀಸಲಾಗಿವೆ. ಶೋಧಕನು ವೈದ್ಯಕೀಯ ಶಿಕ್ಷಣಕ್ಕೆ ಸಿದ್ಧನಾಗುತ್ತಿರುವವನಾದರೆ ಆರ್ಗ್ಯಾನಿಕ್ ಕೆಮಿಸ್ಟ್ರಿಯೊಂದೇ ಅವನ ನಿದ್ದೆಯನ್ನು ಕಿತ್ತುಕೊಂಡಿರುತ್ತದೆ. ಅದರ ಮೇಲೆ ಅಲ್ಲಿನ ಹಲವು ವಿದ್ಯಾರ್ಥಿ ಸಂಘಗಳನ್ನು ಸೇರಬೇಕಾದರೂ ‘ಕಾಂಪ್’ ಎಂಬ, ತಿಂಗಳುಗಟ್ಟಲೆ ಎಳೆಯಬಲ್ಲ ಪ್ರವೇಶ ಪರೀಕ್ಷಾಕ್ರಮವನ್ನು ದಾಟಬೇಕು. ತರಗತಿಗೆ ತಡವಾಗಿ ಬರುವ ಈತ ಸಂಘದ ಸಭೆಗೆ ಹತ್ತು ನಿಮಿಷ ಮೊದಲೇ ಬಂದು ಕುಳಿತಿರುವುದನ್ನು ಗಮನಿಸಿದವರಿಗೆ, ಅವನಲ್ಲಿ ಶಿಸ್ತಿಗೆ ಕೊರತೆಯಿಲ್ಲವೆಂಬುದೂ, ಅದನ್ನು ಎಲ್ಲಿ ಖರ್ಚುಮಾಡಬೇಕೆಂಬ ಲೆಕ್ಕ ಮಾತ್ರ ಬಿಗಿಯಾಗಿದೆಯೆಂಬುದೂ ಸ್ಪಷ್ಟವಾಗುತ್ತದೆ. ಗಣಿತ 55 ಎಂಬ, ಕಾಠಿಣ್ಯಕ್ಕೆ ಹೆಸರಾದ ಕೋರ್ಸಿನ ಬಗ್ಗೆ ಅವನಿಗೆ ಅಪಾರ ಗೌರವವಿದ್ದು, ಆ ಗೌರವವನ್ನು ಅವನು ದೂರದಿಂದಲೇ ಸಲ್ಲಿಸುತ್ತಾನೆ.

ಶೋಧಕನ ಮೂಲಗ್ರಂಥ ‘ಕ್ಯೂ ಗೈಡ್’. ಇದು ಕೋರ್ಸುಗಳ ಬಗ್ಗೆ ಹಿಂದಿನ ವಿದ್ಯಾರ್ಥಿಗಳು ಕೊಟ್ಟ ಅಭಿಪ್ರಾಯಗಳ ಸಂಗ್ರಹವಾಗಿದ್ದು, ತರಗತಿಯ ಹೊರಗೆ ವಾರಕ್ಕೆ ಎಷ್ಟು ಗಂಟೆ ದುಡಿಯಬೇಕಾಯಿತೆಂಬ ಅಂಕಿಯೂ ಅದರಲ್ಲಿರುತ್ತದೆ. ಪಠ್ಯಪುಸ್ತಕದ ಮುನ್ನುಡಿಯನ್ನೂ ಓದದ ಈ ಪಂಡಿತನು ಕ್ಯೂ ಗೈಡನ್ನು ಭಾಷ್ಯಕಾರನ ಶ್ರದ್ಧೆಯಿಂದ ಓದುತ್ತಾನೆ: ‘ಅಧ್ಯಾಪಕರು ಬಹಳ ಉತ್ಸಾಹಿಗಳು’ ಎಂದಿದ್ದರೆ ಓದಲು ಬಹಳ ಕೊಡುತ್ತಾರೆಂದೂ, ‘ಬಹಳ ಕಲಿತೆ’ ಎಂದಿದ್ದರೆ ದೂರವಿರಬೇಕೆಂದೂ, ‘ವಿಷಯ ಸ್ವಲ್ಪ ಚದುರಿದಂತಿತ್ತು’ ಎಂದಿದ್ದರೆ ತಕ್ಷಣ ಹೆಸರು ನೋಂದಾಯಿಸಬೇಕೆಂದೂ ಅವನು ಅರ್ಥೈಸುತ್ತಾನೆ. ಸೆಮಿಸ್ಟರಿನ ಮೊದಲ ವಾರ ಯಾವ ತರಗತಿಗೆ ಬೇಕಾದರೂ ಹೋಗಿ ಕುಳಿತು, ಹಿಡಿಸದಿದ್ದರೆ ಎದ್ದು ಬರಲು ಅವಕಾಶವಿದ್ದ ‘ಶಾಪಿಂಗ್ ವೀಕ್’ ಎಂಬ ಪದ್ಧತಿ ಅವನ ಪಾಲಿಗೆ ಜಾತ್ರೆಯಾಗಿತ್ತು. 2022ರಲ್ಲಿ ಅಧ್ಯಾಪಕರು ಮತ ಹಾಕಿ ಅದನ್ನು ಕೈಬಿಟ್ಟು, ಹಿಂದಿನ ಸೆಮಿಸ್ಟರಿನಲ್ಲೇ ಹೆಸರು ಕೊಡುವ ಕ್ರಮವನ್ನು ಒಪ್ಪಿಕೊಂಡಾಗ ಸಂಶೋಧನೆ ಮತ್ತಷ್ಟು ಪುಸ್ತಕಾವಲಂಬಿಯಾಯಿತು.

ಈ ವರ್ಗದ ವಂಶಾವಳಿ ಇತ್ತೀಚಿನದಲ್ಲ. 1869ರಿಂದ 1909ರವರೆಗೆ ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಅವರು, ಕಲಿಯುವವನೇ ವಿಷಯವನ್ನು ಆರಿಸಿಕೊಳ್ಳಲಿ ಎಂಬ ಉದಾತ್ತ ನಂಬಿಕೆಯಿಂದ ಕಡ್ಡಾಯ ಪಠ್ಯಗಳನ್ನು ಒಂದೊಂದಾಗಿ ಸಡಿಲಿಸಿದರು. ವಿದ್ಯಾರ್ಥಿಗಳಲ್ಲಿ ಹಲವರು ಆ ಸ್ವಾತಂತ್ರ್ಯವನ್ನು ಮನಸಾರೆ ಸ್ವಾಗತಿಸಿ ಸುಲಭವಾದದ್ದನ್ನು ಆರಿಸಿಕೊಂಡರು. ಎಲಿಯಟ್ ಅವರ ನಂತರ ಬಂದ ಲಾರೆನ್ಸ್ ಲೋವೆಲ್ ಒಂದು ವಿಷಯದಲ್ಲಿ ಆಳವೂ ಹಲವು ವಿಷಯಗಳಲ್ಲಿ ಹರಹೂ ಇರಬೇಕೆಂಬ ನಿಯಮವನ್ನು ತಂದರು. ಅಂದಿನಿಂದ ಶೋಧಕನು ಹರಹಿನ ಭಾಗದಲ್ಲಿ ನೆಲೆಸಿದ್ದಾನೆ.

ಈ ಶಾಸ್ತ್ರದಲ್ಲೂ ಅಪಾಯಗಳಿವೆ. 2012ರ ವಸಂತ ಸೆಮಿಸ್ಟರಿನಲ್ಲಿ ಅಮೆರಿಕದ ಸಂಸತ್ತಿನ ಕುರಿತು ನಡೆದ, ಸುಲಭವೆಂದೇ ಹೆಸರಾಗಿದ್ದ ಕೋರ್ಸೊಂದರಲ್ಲಿ, ಮನೆಗೆ ಒಯ್ದು ಬರೆಯುವ ಅಂತಿಮ ಪರೀಕ್ಷೆಯಲ್ಲಿ ಉತ್ತರಗಳನ್ನು ಹಂಚಿಕೊಂಡ ಅನುಮಾನದ ಮೇಲೆ ಸುಮಾರು 125 ವಿದ್ಯಾರ್ಥಿಗಳು ವಿಚಾರಣೆ ಎದುರಿಸಬೇಕಾಯಿತು; ಅನೇಕರು ಕೆಲಕಾಲ ವಿಶ್ವವಿದ್ಯಾಲಯವನ್ನೇ ಬಿಟ್ಟಿರಬೇಕಾಯಿತು. ಪ್ರಶ್ನೆಗಳು ಆ ವರ್ಷ ಕಠಿಣವಾಗಿದ್ದವೆಂಬ ದೂರು ಕೆಲವು ವಿದ್ಯಾರ್ಥಿಗಳಿಂದ ಬಂದಿತ್ತು. ಹಗುರ ಕೋರ್ಸು ಹಾಗೆ ನಡುದಾರಿಯಲ್ಲಿ ಭಾರವಾಗುವುದಕ್ಕಿಂತ ದೊಡ್ಡ ವಿಶ್ವಾಸದ್ರೋಹ ಈ ವರ್ಗದವರಿಗೆ ಬೇರೊಂದಿಲ್ಲ.

ಆದರೆ ಶೋಧಕನ ವೃತ್ತಿಗೆ ನಿಜವಾದ ಕುತ್ತು ಬಂದಿರುವುದು ವಿಶ್ವವಿದ್ಯಾಲಯದ ಔದಾರ್ಯದಿಂದ. 2025ರ ಅಕ್ಟೋಬರಿನಲ್ಲಿ ಹಾರ್ವರ್ಡ್ ಕಾಲೇಜೇ ಹೊರಡಿಸಿದ ವರದಿಯ ಪ್ರಕಾರ ಅಲ್ಲಿ ಆಗ ನೀಡಲಾಗುತ್ತಿದ್ದ ಗ್ರೇಡುಗಳಲ್ಲಿ ಶೇಕಡ 60ಕ್ಕಿಂತ ಹೆಚ್ಚು ‘ಎ’ ಆಗಿದ್ದು, ಅದಕ್ಕೆ ಇಪ್ಪತ್ತು ವರ್ಷಗಳ ಹಿಂದೆ ಆ ಪ್ರಮಾಣ ಸುಮಾರು ಕಾಲುಭಾಗವಷ್ಟೇ ಇತ್ತು. ಎಲ್ಲೆಡೆಯೂ ‘ಎ’ ಸಿಗುವುದಾದರೆ ಜೆಮ್ ಹುಡುಕುವ ಅಗತ್ಯವಾದರೂ ಏನು? ಗ್ರೇಡುಗಳ ಈ ಏರಿಕೆಯ ಹೊಣೆಯನ್ನು ಶೋಧಕನೊಬ್ಬನ ತಲೆಗೇ ಕಟ್ಟುವುದು ಅನ್ಯಾಯ. ‘ಎ’ಗಿಂತ ಕೆಳಗಿನದೆಲ್ಲ ಕಳಂಕವೆಂದು ಕಾಣುವ ವಾತಾವರಣವನ್ನು ಕಟ್ಟಿದ ಸಂಸ್ಥೆಯಲ್ಲಿ, ಕಷ್ಟದ ಕೋರ್ಸಿಗೆ ಕೈಹಾಕಿ ‘ಬಿ’ ತಂದವನಿಗೆ ಸಿಗುವ ಬಹುಮಾನವಾದರೂ ಏನು? ತಿಳಿಯದ ವಿಷಯದಲ್ಲಿ ಬೆಲೆ ತೆರದೆ ಎಡವುವ ಅವಕಾಶ ವಿದ್ಯಾರ್ಥಿಗೆ ಒದಗುವವರೆಗೂ ಈ ಪಂಡಿತನ ಸಂತತಿ ಅಳಿಯುವುದಿಲ್ಲ, ಮತ್ತು ಅವನು ತನ್ನ ಅತ್ಯಂತ ಪರಿಶ್ರಮದ ಅಧ್ಯಯನವನ್ನು ತರಗತಿಗಳು ಆರಂಭವಾಗುವ ಮೊದಲೇ ಮುಗಿಸಿರುತ್ತಾನೆ.