ಮಾರ್ಗಸೂಚಿ ಮಾವ

ಕೋವಿಡ್ ಕಾಲದ ಮಧ್ಯಮವರ್ಗದ ಕುಟುಂಬವನ್ನು ಅಧ್ಯಯನ ಮಾಡಹೊರಟವರು ವೈರಾಣುವಿಗೆ ಕೊಡುವಷ್ಟೇ ಗಮನವನ್ನು ಕೊಟ್ಟು ಪರಿಶೀಲಿಸಬೇಕಾದ ಮತ್ತೊಂದು ಜೀವಿಯೆಂದರೆ ಮಾರ್ಗಸೂಚಿ ಮಾವ. ಇಲಾಖೆಯೊಂದರಲ್ಲೋ ಬ್ಯಾಂಕಿನಲ್ಲೋ ಮೂರು ದಶಕ ಕಡತ ನೋಡಿ ನಿವೃತ್ತರಾಗಿ, ಬೆಂಗಳೂರಿನ ಜಯನಗರ, ಮೈಸೂರಿನ ಸರಸ್ವತೀಪುರಂನಂಥ ಬಡಾವಣೆಗಳಲ್ಲಿ ಮಗ, ಸೊಸೆ, ಮೊಮ್ಮಗನೊಡನೆ ವಾಸವಾಗಿರುವ ಹಿರಿಯರಲ್ಲಿ ಈ ಪ್ರಭೇದ ಹೇರಳವಾಗಿ ಕಂಡುಬಂದಿತು. ಮಾರ್ಗಸೂಚಿ ಎಂದರೆ ಸೋಂಕಿನ ಸಂದರ್ಭದಲ್ಲಿ ಜನರು ಏನು ಮಾಡಬೇಕು, ಏನು ಮಾಡಬಾರದು ಎಂದು ಸರ್ಕಾರ ಆಗಿಂದಾಗ್ಗೆ ಹೊರಡಿಸುತ್ತಿದ್ದ ಸೂಚನೆಗಳ ಪಟ್ಟಿ. ಸರ್ಕಾರ ಹೊರಡಿಸದ ದಿನಗಳಲ್ಲೂ ಹೊರಡಿಸುತ್ತಿದ್ದುದು ಮಾವನವರ ವೈಶಿಷ್ಟ್ಯ.

ಇವರ ಅಧಿಕಾರಾವಧಿ 2020ರ ಮಾರ್ಚ್ 22ರ ಜನತಾ ಕರ್ಫ್ಯೂವಿನಂದು ಸಂಜೆ ಐದಕ್ಕೆ ತಟ್ಟೆ ಬಡಿಯುವುದರೊಂದಿಗೆ ಆರಂಭವಾಗಿ, ಲಾಕ್‌ಡೌನ್‌ನ ಮೊದಲ ದಿನವೇ ಬಂದ ಯುಗಾದಿಯಂದು ಪೂರ್ಣ ಪ್ರಮಾಣದಲ್ಲಿ ಜಾರಿಗೆ ಬಂದಿತು. ಆ ದಿನ ಬೇವು ಬೆಲ್ಲವನ್ನು ಕೈಯಿಂದ ಕೈಗೆ ಕೊಡಕೂಡದು, ಚಮಚದಲ್ಲಿ ಆರಡಿ ಅಂತರದಿಂದ ಕೊಡತಕ್ಕದ್ದು ಎಂಬ ಮೊದಲ ಆದೇಶ ಹೊರಬಿದ್ದು, ಆರಡಿ ಉದ್ದದ ಚಮಚ ಮನೆಯಲ್ಲಿ ಇಲ್ಲದ ಕಾರಣ ಮಧ್ಯಾಹ್ನದೊಳಗೆ ತಿದ್ದುಪಡಿಯಾಯಿತು.

ಸಂಜೆ ಆರೋಗ್ಯ ಇಲಾಖೆಯ ಪ್ರಕಟಣೆ ಬರುವ ಹೊತ್ತು ಮಾವನವರ ದಿನಚರಿಯ ಅತ್ಯಂತ ಗಂಭೀರ ಘಳಿಗೆಯಾಗಿತ್ತು. ಆರಂಭದ ತಿಂಗಳುಗಳಲ್ಲಿ ಕರ್ನಾಟಕದ ಪ್ರತಿ ಸೋಂಕಿತನಿಗೂ ಹೆಸರಿನ ಬದಲು 'ಪಿ' ಅಕ್ಷರದ ಮುಂದೆ ಒಂದು ಕ್ರಮಸಂಖ್ಯೆ ಕೊಟ್ಟು, ಯಾರಿಂದ ಯಾರಿಗೆ ಹರಡಿತೆಂದು ತೋರಿಸಲಾಗುತ್ತಿತ್ತು. ರೋಗಿಯೊಡನೆ ನೇರವಾಗಿ ಒಡನಾಡಿದವರು ಪ್ರಾಥಮಿಕ ಸಂಪರ್ಕ, ಅವರೊಡನೆ ಒಡನಾಡಿದವರು ದ್ವಿತೀಯ ಸಂಪರ್ಕ. ಸ್ವಂತ ಷಡ್ಡಕನ ಮಕ್ಕಳ ಹೆಸರು ನೆನಪಿಡದ ಮಾವನವರು ಈ ಸಂಖ್ಯೆಗಳ ವಂಶವೃಕ್ಷವನ್ನು ಬಾಯಿಪಾಠ ಮಾಡಿಕೊಂಡು, ಹಾಲಿನವನು ಪಕ್ಕದ ಬೀದಿಗೂ ಹಾಲು ಹಾಕುವುದರಿಂದ ಇಡೀ ಮನೆ ತೃತೀಯ ಸಂಪರ್ಕವೆಂದು ಘೋಷಿಸಿದರು. ಅಂಥದೊಂದು ವರ್ಗ ಪ್ರಕಟಣೆಯಲ್ಲಿಲ್ಲವಲ್ಲ ಎಂದು ಮಗ ಆಕ್ಷೇಪಿಸಿದಾಗ, ಇಲಾಖೆಯವರಿಗೆ ಇನ್ನೂ ಹೊಳೆದಿಲ್ಲವೆಂಬ ಉತ್ತರ ಬಂತು.

ಈ ಆಡಳಿತದ ಮೂಲ ತತ್ತ್ವವೆಂದರೆ ಶ್ರಮವಿಭಜನೆ, ಅಂದರೆ ಚಿಂತಿಸುವ ಕೆಲಸ ಒಬ್ಬರದು, ತೊಳೆಯುವ ಕೆಲಸ ಉಳಿದವರದು. ನಂದಿನಿ ಹಾಲಿನ ಪ್ಯಾಕೆಟ್ಟುಗಳನ್ನು ಸೋಪಿನ ನೀರಿನಲ್ಲಿ ಅದ್ದಿ ಕ್ಲಿಪ್ಪು ಹಾಕಿ ಬಟ್ಟೆಯ ಹಗ್ಗಕ್ಕೆ ನೇತುಹಾಕಬೇಕೆಂದೂ, ತರಕಾರಿಯನ್ನು ಉಪ್ಪು ಅರಿಶಿನದ ನೀರಿನಲ್ಲಿ ನೆನೆಸಿ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ತೊಳೆಯಬೇಕೆಂದೂ ನಿಯಮ ರೂಪಿಸಿದವರು ಮಾವನವರು. ಅದನ್ನು ಪಾಲಿಸಿದವರು ಕೆಲಸದಾಕೆ ಬಾರದಂತಾದ ಮೇಲೆ ಪಾತ್ರೆ, ನೆಲ, ಬಟ್ಟೆಗಳ ಖಾತೆಯನ್ನೂ ಹೆಚ್ಚುವರಿಯಾಗಿ ಹೊತ್ತಿದ್ದ ಅತ್ತೆಯವರು ಮತ್ತು ಒಂದು ಕಿವಿಯಲ್ಲಿ ಆಫೀಸಿನ ಮೀಟಿಂಗ್, ಇನ್ನೊಂದು ಕಿವಿಯಲ್ಲಿ ಮಗನ ಆನ್‌ಲೈನ್ ಕ್ಲಾಸ್ ಕೇಳಿಸಿಕೊಳ್ಳುತ್ತಿದ್ದ ಸೊಸೆ. ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿಯ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ಕುಡಿಯಬಹುದೆಂದು ಸಲಹೆ ನೀಡಿದರೆ, ಮಾವನವರು ಅದನ್ನು ನಾಲ್ಕಕ್ಕೆ ಏರಿಸಿ ಕಡ್ಡಾಯಗೊಳಿಸಿದರು. ಅದರಿಂದ ಎಲ್ಲರಿಗೂ ಹೊಟ್ಟೆಯುರಿ ಶುರುವಾದಾಗ ಕಷಾಯ ನಿಲ್ಲಿಸದೆ ಜೀರಿಗೆ ನೀರನ್ನು ಪೂರಕ ಆದೇಶವಾಗಿ ಸೇರಿಸಿದರು. ಸರ್ಕಾರವಾದರೂ 2020ರ ಅಕ್ಟೋಬರ್‌ನಲ್ಲಿ ನಗರಗಳ ಮಾಸ್ಕ್ ದಂಡವನ್ನು 1000 ರೂಪಾಯಿಗೆ ಏರಿಸಿ, ಜನ ಗೊಣಗಿದ ಕೂಡಲೇ 250ಕ್ಕೆ ಇಳಿಸಿತು. ಮಾವನವರ ಇತಿಹಾಸದಲ್ಲಿ ಗೊಣಗಾಟಕ್ಕೆ ಮಣಿದ ದಾಖಲೆಯಿಲ್ಲ.

ಆ ಕಾಲದ ಮನೆಗಳನ್ನು ಪ್ರವೇಶಿಸಿದ ಉಪಕರಣಗಳಲ್ಲಿ ಪಲ್ಸ್ ಆಕ್ಸಿಮೀಟರ್ ಮುಖ್ಯವಾದುದು. ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಶೇಕಡಾವಾರು ತೋರಿಸುವ ಈ ಪುಟ್ಟ ಯಂತ್ರಕ್ಕಾಗಿ ಮಾವನವರು ಹಳೆಯ ಡೈರಿಯೊಂದರಲ್ಲಿ ದಿನಾಂಕ, ಹೆಸರು, ಪ್ರಮಾಣ, ನಾಡಿ ಮತ್ತು ಷರಾ ಎಂಬ ಐದು ಅಂಕಣಗಳನ್ನು ಗೆರೆ ಹೊಡೆದು ತಯಾರಿಸಿದ್ದರು. 94ಕ್ಕಿಂತ ಕಡಿಮೆಯಾದರೆ ಅಪಾಯವೆಂದು ತಿಳಿದಿದ್ದ ಅವರಿಗೆ ಒಂದು ಬೆಳಗ್ಗೆ ಅತ್ತೆಯವರ ಬೆರಳಲ್ಲಿ 91 ಕಂಡಾಗ ಮನೆ ಅಲ್ಲೋಲಕಲ್ಲೋಲವಾಯಿತು. ಮಗ ಡಾಕ್ಟರಿಗೆ ಫೋನು ಹಚ್ಚಿದ, ಸೊಸೆ ಮೀಟಿಂಗಿನಿಂದ ಎದ್ದು ಬಂದಳು, ಮಾವನವರ ಮುಖದ ಬಣ್ಣವೇ ಇಳಿದುಹೋಯಿತು. "ಬೆಳಗಿನಿಂದ ನಿಮ್ಮ ಸೊಪ್ಪು ತೊಳೀತಾ ತಣ್ಣೀರಲ್ಲೇ ಕೈಯಿಟ್ಕೊಂಡಿದೀನಲ್ರೀ, ಇನ್ನೇನು ತೋರಿಸತ್ತೆ ಅದು?" ಎಂದ ಅತ್ತೆಯವರು ಸೆರಗಿನಲ್ಲಿ ಕೈ ಒರೆಸಿಕೊಂಡು, ಬಿಸಿ ಕಾಫಿ ಲೋಟವನ್ನು ಸ್ವಲ್ಪ ಹೊತ್ತು ಹಿಡಿದು, ಮತ್ತೆ ಬೆರಳೊಡ್ಡಿದಾಗ ಯಂತ್ರ 98 ತೋರಿಸಿತು. ಬೆರಳು ತಣ್ಣಗಾಗಿ ರಕ್ತಸಂಚಾರ ತಗ್ಗಿದರೆ ಈ ಯಂತ್ರ ತಪ್ಪು ಲೆಕ್ಕ ಕೊಡುವುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಷರಾ ಅಂಕಣದಲ್ಲಿ 'ಕಾಫಿಯ ನಂತರ ಮರುಪರಿಶೀಲಿಸಲಾಗಿದೆ' ಎಂದು ನಮೂದಾಯಿತೇ ಹೊರತು ಸೊಪ್ಪಿನ ನಿಯಮ ಸಡಿಲವಾಗಲಿಲ್ಲ.

ನಿಯಮ ಮಾಡಿದವರಿಗೆ ನಿಯಮ ಅನ್ವಯಿಸದೆಂಬುದು ಈ ಪ್ರಭೇದದ ಮತ್ತೊಂದು ಲಕ್ಷಣ. ಬಾಗಿಲಾಚೆ ಯಾರೂ ಕಾಲಿಡಬಾರದೆಂದು ಆಜ್ಞಾಪಿಸಿದ ಮಾವನವರೇ ಒಂದು ಕಡ್ಡಿ ಕರಿಬೇವಿಗಾಗಿ ಹೊರಟು, ಗೇಟಿನ ಬಳಿ ಸಿಕ್ಕ ಪಕ್ಕದ ಮನೆಯ ನಿವೃತ್ತರಿಗೆ ಮಾಸ್ಕಿನ ಮಹತ್ತ್ವವನ್ನು, ಮಾತು ಸ್ಪಷ್ಟವಾಗಿ ಕೇಳಿಸಲೆಂದು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಮುಕ್ಕಾಲು ಗಂಟೆ ವಿವರಿಸುತ್ತಿದ್ದರು. ಪದೇ ಪದೇ ರವಾನೆಯಾದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಕಳಿಸಬಹುದೆಂದು 2020ರ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್ ಮಿತಿ ಹೇರಿದಾಗಲೂ ಅವರು ಎದೆಗುಂದದೆ, ಬಿಸಿನೀರಿನ ಬಗೆಗಿನ ಒಂದೇ ಸಂದೇಶವನ್ನು ಬಂಧುಗಳಿಗೆಲ್ಲ ಒಬ್ಬೊಬ್ಬರಾಗಿ ತಲುಪಿಸಿದರು.

ಇಷ್ಟಾದರೂ ಇವರನ್ನು ಯಾರೂ ಪದಚ್ಯುತಗೊಳಿಸಲಿಲ್ಲ. ಅದಕ್ಕೆ ಕಾರಣ ಎರಡನೇ ಅಲೆಯಲ್ಲಿ ಸಿಗುತ್ತದೆ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಜನ ಹಾಸಿಗೆಗೂ ಆಮ್ಲಜನಕಕ್ಕೂ ಅಲೆಯುತ್ತಿದ್ದಾಗ, ಅಂಗಡಿಗಳು ಬೆಳಗ್ಗೆ ಆರರಿಂದ ಹತ್ತರವರೆಗೆ ಮಾತ್ರ ತೆರೆಯುತ್ತಿದ್ದಾಗ, ಯಾರ ಕೈಯಲ್ಲೂ ಇಲ್ಲದ ಒಂದು ಸಂಗತಿಯನ್ನು ಅಂಕಣಗಳಲ್ಲಿ ಹಿಡಿದಿಡಬಹುದೆಂದು ನಂಬಿದ ಒಬ್ಬರು ಮನೆಯಲ್ಲಿದ್ದುದು ಉಳಿದವರಿಗೆ ರಾತ್ರಿ ನಿದ್ದೆ ಮಾಡಲು ನೆರವಾಯಿತು. ಕಡೆಗೆ ಜ್ವರ ಬಂದದ್ದು ಕರಿಬೇವಿಗೆ ಹೋಗುತ್ತಿದ್ದ ಮಾವನವರಿಗೇ. ಡಾಕ್ಟರು ಫೋನಿನಲ್ಲಿ ಕೇಳಿದ ಪ್ರತಿ ಪ್ರಶ್ನೆಗೂ ಡೈರಿಯಲ್ಲಿ ಉತ್ತರವಿದ್ದುದರಿಂದ, ಅಲ್ಪ ಲಕ್ಷಣದ ಪ್ರಕರಣವೆಂದು ನಿರ್ಣಯವಾಗಿ ಮನೆಯಲ್ಲೇ ಪ್ರತ್ಯೇಕ ವಾಸಕ್ಕೆ ಒಪ್ಪಿಗೆ ದೊರೆಯಿತು. ಆಗಿನ ನಿಯಮದಂತೆ ಕನಿಷ್ಠ ಹತ್ತು ದಿನ ಕೋಣೆಯೊಳಗೇ ಇರಬೇಕಿದ್ದ ಅವರಿಗೆ ಅತ್ತೆಯವರು ಹಿಂದಿನ ಎಲ್ಲ ಆದೇಶಗಳನ್ನೂ ಕಿಂಚಿತ್ತೂ ಸಡಿಲಿಸದೆ ಅನ್ವಯಿಸಿದರು. ಮೂರನೆಯ ದಿನ, ಕಷಾಯವನ್ನು ನಾಲ್ಕರಿಂದ ಎರಡಕ್ಕೆ ಇಳಿಸಬೇಕೆಂದು ಕೋರುವ ಲಿಖಿತ ಮನವಿಯೊಂದು ಬಾಗಿಲ ಸಂದಿಯಿಂದ ಹೊರಬಂದಿತು. ಅರ್ಧ ಗಂಟೆಯೊಳಗೆ ವಿಲೇವಾರಿಯಾಗಿ ಒಳಗೆ ಮರಳಿದ ಆ ಹಾಳೆಯಲ್ಲಿ ಅತ್ತೆಯವರ ಕೈಬರಹದ ಷರಾ ಹೀಗಿತ್ತು: 'ಪರಿಶೀಲಿಸಿದೆ. ಜೊತೆಗೆ ಜೀರಿಗೆ ನೀರನ್ನೂ ಇಟ್ಟಿದೆ.'