ಕೆಂಪು ಬಾವುಟದ ಗತ್ತು

ಸ್ವಂತ ಮನೆಯಲ್ಲಿ ಟಿವಿ ರಿಮೋಟಿನ ಮೇಲೂ ಹಕ್ಕಿಲ್ಲದವರು ಊರಿನಲ್ಲಿ ಎಷ್ಟು ಜನ ಇದ್ದಾರೆ ಅಂತ ತಿಳಿಯಬೇಕಾದರೆ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಬನ್ನಿ. ಅಲ್ಲಿ ಅವರೆಲ್ಲ ಬಿಳಿ ಪ್ಯಾಂಟು, ಬಿಳಿ ಶರ್ಟು ತೊಟ್ಟು, ಎದೆಗೆ ಬ್ಯಾಡ್ಜು ಚುಚ್ಚಿಕೊಂಡು, ಕೊರಳಿಗೆ ಪೀಪಿ ನೇತುಹಾಕಿಕೊಂಡು ಓಡಾಡುತ್ತಿರುತ್ತಾರೆ. ಆ ಗುಂಪಿನಲ್ಲಿ ನಾನೂ ಒಬ್ಬ. ಸಂಬಳವಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಪಲಾವು, ನಡುವೆ ಯಾರಾದರೂ ನೆನಪಿಸಿಕೊಂಡರೆ ಒಂದು ಲೋಟ ಮಜ್ಜಿಗೆ. ಬಿಸಿಲು ಮಾತ್ರ ಕೇಳಿದಷ್ಟು.

“ಅದರಲ್ಲಿ ಏನ್ರೀ ಸಿಗತ್ತೆ ನಿಮಗೆ?” ಅಂತ ಮನೆಯಾಕೆ ಪ್ರತಿ ಸಲ ಕೇಳುತ್ತಾಳೆ. ಮಕ್ಕಳಿಗೆ ಪ್ರೋತ್ಸಾಹ, ಕ್ರೀಡಾ ಮನೋಭಾವ, ಊರಿನ ಋಣ ಅಂತೆಲ್ಲ ಹೇಳುತ್ತೇನೆ. ಅವಳು ನಂಬುವುದಿಲ್ಲ, ನಂಬಬಾರದು ಕೂಡ. ನಿಜ ಏನೆಂದರೆ ಅಲ್ಲಿ ನನ್ನ ಕೈಗೆ ಎರಡು ಬಾವುಟ ಕೊಡುತ್ತಾರೆ. ಬಿಳಿಯದನ್ನು ಎತ್ತಿದರೆ ಜಿಗಿತ ಸರಿ, ಕೆಂಪು ಎತ್ತಿದರೆ ಫೌಲ್. ನಾನು ಕೈ ಎತ್ತಿದರೆ ಇಡೀ ಮೈದಾನ ತಿರುಗಿ ನೋಡುತ್ತದೆ. ಮನೆಯಲ್ಲಿ ನಾನು ಕೈ ಎತ್ತಿದರೆ “ಫ್ಯಾನ್ ಇದೆ, ಹುಷಾರು” ಅನ್ನುತ್ತಾರೆ.

ಉದ್ದ ಜಿಗಿತದ ಗುಂಡಿ ನನ್ನ ಮೆಚ್ಚಿನ ಜಾಗ. ಕಾಲೂರಿ ಜಿಗಿಯುವ ಹಲಗೆಯ ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರೆ ಅದೇ ಸಿಂಹಾಸನ. ದೊಡ್ಡ ಕೂಟಗಳಲ್ಲಿ ಹಿಂದೆಲ್ಲ ಹಲಗೆಯ ಆಚೆಗೆ ಪ್ಲಾಸ್ಟಿಸಿನ್ ಮೆತ್ತುತ್ತಿದ್ದರು. ಬೂಟಿನ ಗುರುತು ಬಿದ್ದರೆ ಫೌಲು, ಸಾಕ್ಷಿ ಕಣ್ಣೆದುರೇ. 2021ರ ನವೆಂಬರಿನಿಂದ ನಿಯಮ ಬದಲಾಯಿತು. ಹಲಗೆಯ ಮುಂದಂಚಿನ ಗೆರೆಯ ಮೇಲೆ ನೆಟ್ಟಗೆ ಒಂದು ಕಾಣದ ಗೋಡೆ ಇದೆ ಅಂದುಕೊಳ್ಳಬೇಕು. ನೆಲ ಬಿಡುವ ಮುಂಚೆ ಪಾದದ ತುದಿ ಆ ಗೋಡೆ ದಾಟಿದರೂ ಆಯಿತು, ಕೆಂಪು. ಅಂತಾರಾಷ್ಟ್ರೀಯ ಕೂಟಗಳಲ್ಲಿ ಇದನ್ನು ನೋಡಲು ಕ್ಯಾಮೆರಾ ಇರುತ್ತದೆ. ನಮ್ಮಲ್ಲಿ ಎರಡು ಕಣ್ಣಿವೆ, ಅದರಲ್ಲಿ ಒಂದಕ್ಕೆ ಪೊರೆ ತೆಗೆಸಿ ಆಗಿದೆ.

ಆದರೆ ನಿಜವಾದ ಜಗಳ ಹಲಗೆಯಲ್ಲಿ ಹುಟ್ಟುವುದಿಲ್ಲ, ಮರಳಿನಲ್ಲಿ ಹುಟ್ಟುತ್ತದೆ. ಹುಡುಗ ಚೆನ್ನಾಗಿಯೇ ಹಾರುತ್ತಾನೆ. ಹಾರಿ ಎದ್ದು, ತಾನು ಎಷ್ಟು ದೂರ ಬಿದ್ದೆ ಅಂತ ನೋಡುವ ಖುಷಿಯಲ್ಲಿ ಗುಂಡಿಯೊಳಗೇ ಹಿಂದಕ್ಕೆ ನಡೆದು ಬರುತ್ತಾನೆ. ಮರಳಿನಲ್ಲಿ ಮೂಡಿದ ಗುರುತಿಗಿಂತ ಹಲಗೆಗೆ ಹತ್ತಿರದಲ್ಲಿ ಗುಂಡಿಯಿಂದ ಕಾಲು ಹೊರಗಿಟ್ಟರೆ ಜಿಗಿತವೇ ಲೆಕ್ಕಕ್ಕಿಲ್ಲ. ನಾನು ಕೆಂಪು ಎತ್ತುತ್ತೇನೆ. ಹಗ್ಗದಾಚೆಯಿಂದ ತಾಯಿಯ ಧ್ವನಿ ಕೇಳಿಸುತ್ತದೆ: “ಅವನು ಹಾರಿದ್ದು ಬಿಟ್ಟು ನಡೆದದ್ದನ್ನ ನೋಡ್ತೀರಲ್ಲ ಸಾರ್, ನೀವು ಹಾರೋದು ನೋಡೋಕೆ ಬಂದೋರಾ, ನಡಿಯೋದು ನೋಡೋಕೆ ಬಂದೋರಾ?” ಇದಕ್ಕೆ ನಿಯಮಪುಸ್ತಕದಲ್ಲಿ ಉತ್ತರವಿಲ್ಲ. ಗುಂಡು ಎಸೆತದ ಹತ್ತಿರವೂ ಇದೇ ಕಥೆ. ಗುಂಡು ಎಸೆದ ಮೇಲೆ ವೃತ್ತದ ಹಿಂಭಾಗದಿಂದಲೇ ಹೊರಗೆ ಬರಬೇಕು. 4 ಕಿಲೋ ಗುಂಡನ್ನು ಗುಬ್ಬಿಮರಿಯ ಹಾಗೆ ಹಾರಿಸಿದ ಹುಡುಗಿ ಸಂಭ್ರಮದಲ್ಲಿ ಮುಂದಿನಿಂದ ಜಿಗಿದು ಗೆಳತಿಯರನ್ನು ತಬ್ಬಿಕೊಳ್ಳಲು ಓಡುತ್ತಾಳೆ. ಮನೆಯಿಂದ ಹೊರಡುವಾಗ ಬಲಗಾಲು ಮುಂದಿಡು ಅಂತ ಹೇಳಿದ ಅಜ್ಜಿ, ವೃತ್ತದಿಂದ ಹೊರಡುವಾಗ ಹಿಂದೆ ಹೋಗು ಅಂತ ಹೇಳಿರುವುದಿಲ್ಲವಲ್ಲ.

ಇನ್ನು ಟೈಂಕೀಪರುಗಳು. ಇವರು ಬೇರೆಯದೇ ಪಂಗಡ. ಮುಕ್ತಾಯದ ಗೆರೆಗೆ ನೇರವಾಗಿ ಮೆಟ್ಟಿಲಿನಂಥ ಸ್ಟ್ಯಾಂಡ್ ಮೇಲೆ ಸಾಲಾಗಿ ಕೂತು, ಸ್ಟಾಪ್‌ವಾಚನ್ನು ಹೆಬ್ಬೆರಳಿನ ಕೆಳಗೆ ಅದುಮಿಕೊಂಡು, ನೂರು ಮೀಟರ್ ಆಚೆ ಇರುವ ಸ್ಟಾರ್ಟರನನ್ನೇ ದಿಟ್ಟಿಸುತ್ತಾರೆ. ಹೊಸಬರು ಪಿಸ್ತೂಲಿನ ಸದ್ದು ಕೇಳಿ ಗುಂಡಿ ಒತ್ತುತ್ತಾರೆ, ಹಳಬರು ಹೊಗೆ ನೋಡಿ ಒತ್ತುತ್ತಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುವುದರಿಂದ ನೂರು ಮೀಟರ್ ದಾಟಿ ಬರುವಷ್ಟರಲ್ಲಿ ಹತ್ತಿರಹತ್ತಿರ 0.3 ಸೆಕೆಂಡು ಹೋಗಿರುತ್ತದೆ. ಕಿವಿ ನಂಬಿದವನ ಗಡಿಯಾರದಲ್ಲಿ ನಮ್ಮೂರಿನ ಹೈಸ್ಕೂಲು ಹುಡುಗ ರಾಷ್ಟ್ರೀಯ ದಾಖಲೆಯ ಮಗ್ಗುಲಿಗೆ ಬಂದುಬಿಡುತ್ತಾನೆ; ಪಿ.ಟಿ. ಮೇಷ್ಟ್ರು ಕಣ್ಣೀರು ಹಾಕುತ್ತಾರೆ, ಹಳಬರು ಕೆಮ್ಮುತ್ತಾರೆ. ನಮ್ಮಲ್ಲಿ ಎಷ್ಟೋ ಕಡೆ ಪಿಸ್ತೂಲು ಇರುವುದಿಲ್ಲ, ಎರಡು ಹಲಗೆ ಜೋಡಿಸಿದ ಕ್ಲಾಪರ್ ಇರುತ್ತದೆ. ಆಗ ಹೊಗೆಯೂ ಇಲ್ಲ. ಹಲಗೆ ಹಲಗೆ ಮುಚ್ಚಿಕೊಳ್ಳುವುದನ್ನೇ ಕಾದು ನೋಡಬೇಕು.

ಒಬ್ಬ ಓಟಗಾರನಿಗೆ ಮೂರು ವಾಚು ಇದ್ದು ಮೂರೂ ಮೂರು ಮಾತಾಡಿದರೆ ನಡುವಿನದನ್ನು ಹಿಡಿಯಬೇಕು. ಎರಡೇ ಇದ್ದರೆ ನಿಧಾನದ್ದನ್ನು. ಕೈವಾಚು 10.11 ತೋರಿಸಿದರೆ ಬರೆಯುವುದು 10.2. ಸಮಯವನ್ನು ಮೇಲಕ್ಕೇರಿಸುತ್ತಾರೆ, ಆದರೆ ಜಿಗಿತದಲ್ಲಿ ಸೆಂಟಿಮೀಟರಿನ ಚೂರು ಉಳಿದರೆ ಕೆಳಕ್ಕಿಳಿಸುತ್ತಾರೆ. ಎರಡು ಕಡೆಯೂ ನಷ್ಟ ಓಡಿದವನಿಗೆ, ಹಾರಿದವನಿಗೆ. ಈ ನಿಯಮ ಬರೆದವರ ಮನೆತನದಲ್ಲಿ ಯಾರೋ ಶಾನುಭೋಗರು ಇದ್ದಿರಲೇಬೇಕು.

1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾಗೆ 400 ಮೀಟರ್ ಹರ್ಡಲ್ಸ್ ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ. ರುಮೇನಿಯಾದ ಓಟಗಾರ್ತಿಯದು 55.41, ಉಷಾಳದು 55.42. ನಮ್ಮ ಕೈವಾಚಿನವರು ಅಲ್ಲಿ ಕೂತಿದ್ದರೆ ಇಬ್ಬರಿಗೂ 55.5 ಅಂತಲೇ ಬರೆಯುತ್ತಿದ್ದರು. ಹಾಗಂತ ಕಂಚು ಬರುತ್ತಿತ್ತು ಅಂತ ಹಿಗ್ಗಬೇಡಿ. ಸ್ಥಾನ ಹೇಳುವ ಜಡ್ಜುಗಳು ಬೇರೆ ಇರುತ್ತಾರೆ. ಅವರು ನೋಡುವುದು ಎದೆಯನ್ನು, ಮುಂದೆ ಚಾಚಿದ ತಲೆ ಕೈಗಳನ್ನಲ್ಲ. ನಮ್ಮೂರಿನಲ್ಲಿ ಈ ಕೆಲಸವನ್ನು ಪ್ರೈಮರಿ ಸ್ಕೂಲಿನ ಇಬ್ಬರು ಟೀಚರಮ್ಮಂದಿರು ಮಾಡುತ್ತಾರೆ. ನಲವತ್ತು ಮಕ್ಕಳಲ್ಲಿ ಕಾಪಿ ಹೊಡೆದವನನ್ನು ಬೋರ್ಡಿನ ಕಡೆ ತಿರುಗಿಕೊಂಡೇ ಹಿಡಿಯುವ ಆ ಕಣ್ಣುಗಳ ಮೇಲೆ ಫೋಟೋ ಫಿನಿಶ್‌ಗಿಂತ ನನಗೆ ನಂಬಿಕೆ ಜಾಸ್ತಿ.

ಸ್ಟಾರ್ಟರನ ಪಾಡು ಕೇಳಬೇಡಿ. 2010ರಿಂದ ದೊಡ್ಡವರ ಓಟದಲ್ಲಿ ಒಂದೇ ಒಂದು ಸಲ ಸದ್ದಿಗೆ ಮುಂಚೆ ಹೊರಟರೂ ಹೊರಗೆ. ನಮ್ಮ ಸ್ಟಾರ್ಟರು ಇದನ್ನು ಗಂಭೀರವಾಗಿ ವಿವರಿಸಿ, “ಸೆಟ್” ಅಂದು ಉಸಿರು ಬಿಗಿಹಿಡಿದಾಗಲೇ ಮೂರನೇ ಲೇನಿಗೆ ನಾಯಿ ಬರುತ್ತದೆ. ನಾಯಿ ಹೋಗುವಷ್ಟರಲ್ಲಿ ಮುಖ್ಯ ಅತಿಥಿಗಳು ಬರುತ್ತಾರೆ. ಒಂಬತ್ತಕ್ಕೆ ಬರಬೇಕಾದವರು ಹನ್ನೊಂದೂವರೆಗೆ ಬಂದು “ಸಮಯಪಾಲನೆ ಕ್ರೀಡೆಯಿಂದ ಕಲಿಯಬೇಕು” ಅಂತ ಭಾಷಣ ಮಾಡುವಾಗ ಟೈಂಕೀಪರುಗಳು ಅಭ್ಯಾಸಬಲದಿಂದ ವಾಚು ಒತ್ತಿರುತ್ತಾರೆ. ಭಾಷಣದ ದಾಖಲೆಗಳೂ ನಮ್ಮಲ್ಲಿವೆ, ಪ್ರಕಟಿಸುವುದಿಲ್ಲ.

“ಈ ಊರಿನ ಅಫಿಶಿಯಲ್‌ಗಳಿಗೆ ಏನು ಗೊತ್ತಾಗತ್ತೆ” ಅಂತ ಯಾರಾದರೂ ಮೂಗು ಮುರಿದರೆ ನಾನು 1932ರ ಒಲಿಂಪಿಕ್ಸ್ ತೆಗೆಯುತ್ತೇನೆ. ಅದೂ ಲಾಸ್ ಏಂಜಲೀಸ್‌ನದೇ. 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಸುತ್ತು ಎಣಿಸುವವರ ಲೆಕ್ಕ ತಪ್ಪಿ ಎಲ್ಲರೂ ಒಂದು ಸುತ್ತು ಜಾಸ್ತಿ ಓಡಿದರು. ಫಿನ್ಲೆಂಡಿನ ಇಸೊ-ಹೊಲ್ಲೊ ಹೇಗೂ ಗೆದ್ದ. ಪಾಪ, ಅಮೆರಿಕದ ಮೆಕ್ಲಸ್ಕಿ ಸರಿಯಾದ ದೂರಕ್ಕೆ ಎರಡನೆಯವನಾಗಿದ್ದವನು ಆ ಪುಕ್ಕಟೆ ಸುತ್ತಿನಲ್ಲಿ ಮೂರನೆಯವನಾದ. ಅದೇ ಕೂಟದಲ್ಲಿ ಫ್ರಾನ್ಸಿನ ಜೂಲ್ ನೊಯೆಲ್ ಚಕ್ರ ಎಸೆದಾಗ ಅದು ಎಲ್ಲಿ ಬಿತ್ತು ಅಂತ ಒಬ್ಬ ಜಡ್ಜೂ ನೋಡಿರಲಿಲ್ಲ, ಎಲ್ಲರೂ ಪೋಲ್‌ವಾಲ್ಟ್ ನೋಡುತ್ತಾ ನಿಂತಿದ್ದರು! ಇನ್ನೊಂದು ಎಸೆತ ಕೊಟ್ಟು ಸಮಾಧಾನ ಮಾಡಿದರು. ಅವನು ನಾಲ್ಕನೆಯವನಾಗಿ ಉಳಿದ. ನಮ್ಮ ಮೈದಾನದಲ್ಲಿ ಪೋಲ್‌ವಾಲ್ಟ್ ಇಲ್ಲವೇ ಇಲ್ಲ. ಆದ್ದರಿಂದ ಆ ತಪ್ಪು ನಮ್ಮಿಂದ ಆಗಿಲ್ಲ. ಆದರೆ ಪಲಾವು ಬಂದ ಹೊತ್ತಿನಲ್ಲಿ ಚಕ್ರ ಎಸೆಯಬೇಡಿ ಅಂತ ಮಕ್ಕಳಿಗೆ ಹೇಳಿಟ್ಟಿದ್ದೇವೆ.

ನೀವು ಇಷ್ಟು ಹೊತ್ತು ಕೂತು ಕೇಳಿದಿರಿ ಅಂದರೆ ಬಿಡುವು ಇದ್ದಂತೆಯೇ ಲೆಕ್ಕ. ಮುಂದಿನ ಕೂಟದ ನಡಿಗೆ ಸ್ಪರ್ಧೆಗೆ ಜಡ್ಜುಗಳು ಸಾಲುತ್ತಿಲ್ಲ. ಕೆಲಸ ಸುಲಭ. ನಡೆಯುವವರ ಎರಡೂ ಪಾದ ಒಟ್ಟಿಗೆ ನೆಲ ಬಿಟ್ಟದ್ದು ಬರಿಗಣ್ಣಿಗೆ ಕಾಣಬಾರದು; ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ಅದು ಮೈ ಕೆಳಗೆ ನೆಟ್ಟಗಾಗುವವರೆಗೆ ಮೊಣಕಾಲು ಬಾಗಬಾರದು. ಬೇರೆ ಬೇರೆ ಮೂರು ಜಡ್ಜುಗಳು ಕೆಂಪು ಕಾರ್ಡು ಬರೆದರೆ ನಡೆಯುವವರು ಹೊರಗೆ. ಬೆಳಿಗ್ಗೆ ಪಾರ್ಕಿನಲ್ಲಿ ಬೆಂಚಿನ ಮೇಲೆ ಕೂತು, ಹೋಗಿಬರುವವರೆಲ್ಲರ ನಡಿಗೆಗೆ ಹೆಸರಿಡುತ್ತೀರಲ್ಲ, ಅದನ್ನೇ ಇಲ್ಲಿ ಅಧಿಕೃತವಾಗಿ ಮಾಡಬಹುದು. ಭಾನುವಾರ ಆರು ಗಂಟೆಗೆ ಬಂದುಬಿಡಿ. ಬಿಳಿ ಪ್ಯಾಂಟು, ಶೂ ನಿಮ್ಮದು. ಟೋಪಿ ನಾವು ಹಾಕುತ್ತೇವೆ.