ಗೆದ್ದವರೇ ಹುಡುಕಿಕೊಳ್ಳಬೇಕೆ? ಮುಖ್ಯ ನ್ಯಾಯಮೂರ್ತಿಗಳಿಗೆ ಹಿರೇಗುಂಟನೂರಿನಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ಹೈಕೋರ್ಟಿನ ಮಾನ್ಯ ಮುಖ್ಯ ನ್ಯಾಯಮೂರ್ತಿಗಳಿಗೆ,



ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ ಇಟ್ಟುಕೊಂಡಿರುವವನು ನಾನು. ದಾವೆ ಗೆದ್ದು, ಡಿಕ್ರಿಯ ನಕಲು ಕೈಯಲ್ಲಿಟ್ಟುಕೊಂಡು, ಹಣದ ಮುಖ ಮಾತ್ರ ಕಾಣದ ಸಣ್ಣ ವ್ಯಾಪಾರಿಗಳಲ್ಲಿ ಒಬ್ಬ. ನನ್ನೊಬ್ಬನ ಬಾಕಿ ವಸೂಲು ಮಾಡಿಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಡಿಕ್ರಿಯಾದ ಮೇಲೆ ಸಾಲಗಾರನ ಆಸ್ತಿ ಎಲ್ಲಿದೆ ಎಂದು ಹುಡುಕುವ ಕೆಲಸ ಇವತ್ತು ಗೆದ್ದವನ ತಲೆಗೆ ಬಿದ್ದಿದೆ. ಸೋತವನೇ ಅದನ್ನು ಪ್ರಮಾಣ ಮಾಡಿ ಹೇಳುವಂತಾಗಬೇಕು. ತಮ್ಮ ಅಧೀನದ ಪ್ರತಿ ತಾಲ್ಲೂಕು ನ್ಯಾಯಾಲಯದಲ್ಲೂ ಇದು ರೂಢಿಗೆ ಬರಬೇಕು ಎಂಬುದು ನನ್ನ ಬೇಡಿಕೆ.

ನಮ್ಮ ಕಡೆ ವ್ಯಾಪಾರ ನಡೆಯುವುದೇ ಉದ್ರಿಯ ಮೇಲೆ. ಮೆಕ್ಕೆಜೋಳ, ಈರುಳ್ಳಿ ಕೈಗೆ ಬಂದರೆ ರೈತರು ಕೊಡುತ್ತಾರೆ. ಭೀಮಸಮುದ್ರದಲ್ಲಿ ಅಡಿಕೆ ಮಾರಿದರೆ ತೋಟದವರು ಕೊಡುತ್ತಾರೆ. ಬಿಲ್ ಪಾಸಾದರೆ ಗುತ್ತಿಗೆದಾರರು ಕೊಡುತ್ತಾರೆ. ಮಳೆ ಕೈಕೊಟ್ಟ ವರ್ಷ ಮುಂದಿನ ಸುಗ್ಗಿವರೆಗೆ ಕಾಯುವುದು ಈ ಸೀಮೆಯ ಅಂಗಡಿಯವರಿಗೆ ಹೊಸದಲ್ಲ. ಕೊಡಲಾಗದವರ ಮೇಲೆ ನಮಗೆ ತಕರಾರಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ರೈತನ ಎತ್ತು, ನೇಗಿಲು, ಬಿತ್ತನೆ ಬೀಜ, ಮನೆ, ಅಡುಗೆ ಪಾತ್ರೆಗಳನ್ನು ಜಪ್ತಿಯಿಂದ ಕಾಪಾಡಿದೆ. ಅದು ಹಾಗೇ ಇರಬೇಕು. ಬಡತನದಿಂದ ಸಾಲ ತೀರಿಸಲಾಗದವನನ್ನು ಜೈಲಿಗೆ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿತು. ಅದಕ್ಕೂ ನಾನು ಕೈಮುಗಿಯುತ್ತೇನೆ. ನಾನು ಬರೆಯುತ್ತಿರುವುದು ಕೊಡುವ ಶಕ್ತಿಯಿದ್ದೂ ಕೊಡದವರ ಬಗ್ಗೆ.

ಅಂಥ ಒಬ್ಬ ಗುತ್ತಿಗೆದಾರರು ನನ್ನಲ್ಲಿ ಸಿಮೆಂಟು, ಸರಳು ಉದ್ರಿ ಒಯ್ದರು. ಕೆಲಸ ಮುಗಿಯಿತು, ಅವರ ಬಿಲ್ಲೂ ಆಯಿತು, ನನ್ನ ಬಾಕಿ ಹಾಗೇ ಉಳಿಯಿತು. ದಾವೆಯ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಿ, ವಾಯಿದೆಯ ಮೇಲೆ ವಾಯಿದೆ ಸವೆಸಿ, ಕೊನೆಗೂ ಡಿಕ್ರಿ ಪಡೆದೆ. ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕುವಾಗ ವಕೀಲರು ಜಪ್ತಿ ಮಾಡಬೇಕಾದ ಚರಾಸ್ತಿಯ ಷೆಡ್ಯೂಲ್ ಕೇಳಿದರು. ಇನ್ನೊಬ್ಬರ ಮನೆಯೊಳಗೆ ಏನಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಅಂದಾಜಿನ ಮೇಲೆ ಬರೆಸಿದೆ: ಒಂದು ಟಿ.ವಿ., ಒಂದು ಫ್ರಿಜ್, ಒಂದು ಸೋಫಾ ಸೆಟ್, ಒಂದು ಬೀರು, ಆರು ಪ್ಲಾಸ್ಟಿಕ್ ಕುರ್ಚಿ.

ಜಪ್ತಿ ವಾರಂಟು ಹಿಡಿದು ಕೋರ್ಟಿನ ಅಮೀನರ ಜೊತೆ ಹೋದಾಗ ಮನೆಗೆ ಬೀಗ. ಅಮೀನರು ಅಕ್ಕಪಕ್ಕದವರನ್ನು ವಿಚಾರಿಸಿ, ಬಾಗಿಲು ಬೀಗ ಹಾಕಿದೆ ಎಂದು ಷರಾ ಬರೆದು, ನನ್ನ ಸಹಿ ಪಡೆದು ಹೊರಟರು. ಬೀಗ ಒಡೆಯಲು ಬೇರೆ ಅರ್ಜಿ, ಪೊಲೀಸ್ ನೆರವಿಗೆ ಬೇರೆ ಅರ್ಜಿ, ಹೊಸ ವಾರಂಟಿಗೆ ಮತ್ತೆ ಶುಲ್ಕ. ಇನ್ನೊಂದು ಸಲ ಹೋದಾಗ ಬಾಗಿಲು ತೆರೆದಿತ್ತು, ಅಂಗಳದಲ್ಲಿ ಟಿಪ್ಪರ್ ನಿಂತಿತ್ತು. ಆರ್.ಸಿ. ನೋಡಿದರೆ ಅದು ಭಾವಮೈದುನನ ಹೆಸರಿನಲ್ಲಿ. ಮನೆ ಹೆಂಡತಿಯ ಹೆಸರಿನಲ್ಲಿ. ಸಿವಿಲ್ ಜೈಲಿಗೆ ಕಳಿಸೋಣವೆಂದರೆ, ಅವರಿಗೆ ಕೊಡುವ ಶಕ್ತಿ ಇದೆ ಎಂದು ನಾನೇ ರುಜುವಾತು ಮಾಡಬೇಕು, ಅಲ್ಲಿ ಅವರ ಊಟದ ಖರ್ಚನ್ನೂ ನಾನೇ ಮುಂಗಡ ಕಟ್ಟಬೇಕು. ಅಮೀನರ ಮೇಲೆ ನನಗೆ ಸಿಟ್ಟಿಲ್ಲ. ಆಸ್ತಿ ಯಾವುದೆಂದು ತಿಳಿಯದೆ ವಾರಂಟು ಹೊರಡಿಸಿದರೆ ಅವರಾದರೂ ಏನು ಮಾಡಿಯಾರು?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬ ಅರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಆಡಿತ್ತು. ಒಂದೂವರೆ ಶತಮಾನ ಕಳೆದ ಮೇಲೂ ಆ ಮಾತು ದುರ್ಗದ ಕೋರ್ಟಿನ ಆವರಣದಲ್ಲಿ ನಿಜವಾಗಿ ಉಳಿದಿದೆ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಸಂಹಿತೆಯ ಆದೇಶ 21, ನಿಯಮ 41 ಹೀಗೆ ಹೇಳುತ್ತದೆ: ಹಣದ ಡಿಕ್ರಿ 30 ದಿನ ತೀರದೆ ಉಳಿದರೆ, ಡಿಕ್ರಿದಾರ ಅರ್ಜಿ ಕೊಟ್ಟಾಗ ನ್ಯಾಯಾಲಯ ಸಾಲಗಾರನಿಂದ ಆಸ್ತಿ ವಿವರದ ಪ್ರಮಾಣಪತ್ರ ತರಿಸಿಕೊಳ್ಳಬಹುದು. ಆ ಆದೇಶವನ್ನು ಮೀರಿದರೆ 3 ತಿಂಗಳವರೆಗೆ ಸಿವಿಲ್ ಜೈಲು. 2021ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಣದ ದಾವೆಗಳಲ್ಲಿ ವಿವಾದಾಂಶ ರೂಪಿಸುವ ಮೊದಲೇ ಪ್ರತಿವಾದಿಯಿಂದ ಆಸ್ತಿ ವಿವರ ಕೇಳಬಹುದು, ಅಗತ್ಯ ಕಂಡರೆ ಭದ್ರತೆಯನ್ನೂ ಪಡೆಯಬಹುದು, ಅಮಲ್ಜಾರಿ ಅರ್ಜಿಯನ್ನು 6 ತಿಂಗಳಲ್ಲಿ ಮುಗಿಸಬೇಕು ಎಂದು ನಿರ್ದೇಶಿಸಿತು. ಅದು ರಾಹುಲ್ ಎಸ್. ಶಾ ಪ್ರಕರಣ. ಬೆಂಗಳೂರಿನ ಜಮೀನಿನ ವ್ಯಾಜ್ಯ, ತಮ್ಮದೇ ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋದದ್ದು. ಇಡೀ ದೇಶಕ್ಕೆ ದಾರಿ ತೋರಿಸಿದ ತೀರ್ಪು ನಮ್ಮ ರಾಜ್ಯದ ವ್ಯಾಜ್ಯದಲ್ಲಿ ಹುಟ್ಟಿತು. ಅದರ ಫಲ ನಮ್ಮ ಹೋಬಳಿಯ ವ್ಯಾಪಾರಿಗಳಿಗೂ ಸಿಗಲಿ.

2025ರ ಮಾರ್ಚ್‌ನಲ್ಲಿ ಪೆರಿಯಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಹೈಕೋರ್ಟುಗಳಿಂದ ಬಾಕಿ ಅಮಲ್ಜಾರಿ ಅರ್ಜಿಗಳ ಲೆಕ್ಕ ಕೇಳಿತು. ಅಕ್ಟೋಬರ್‌ನಲ್ಲಿ ಆ ಲೆಕ್ಕ ನೋಡಿದಾಗ 6 ತಿಂಗಳಲ್ಲಿ 3.38 ಲಕ್ಷ ಅರ್ಜಿಗಳು ಇತ್ಯರ್ಥವಾಗಿದ್ದವು, 8.82 ಲಕ್ಷ ಇನ್ನೂ ಬಾಕಿ ಇದ್ದವು. ತೀವ್ರ ನಿರಾಸೆ ತರುವ ಸಂಗತಿ ಎಂದಿತು ನ್ಯಾಯಪೀಠ. ಅಂಕಿಅಂಶ ಒದಗಿಸದ ಹೈಕೋರ್ಟ್ ಎಂದು ಅದೇ ಆದೇಶದಲ್ಲಿ ಕರ್ನಾಟಕದ ಹೆಸರು ಬಂತು. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ನೋವಾಯಿತು. ಆ ಲೆಕ್ಕದಲ್ಲಿ ನನ್ನ ಅರ್ಜಿಯೂ ಒಂದು ಅಂಕಿಯಾಗಿ ಇರಬೇಕಿತ್ತು.

ಬ್ಯಾಂಕುಗಳಿಗೆ 2002ರಿಂದ ಸರ್ಫೇಸಿ ಕಾಯ್ದೆ ಇದೆ. 60 ದಿನಗಳ ನೋಟಿಸ್ ಕೊಟ್ಟು, ದಾವೆ ಹೂಡದೆ, ಅಡವಿಟ್ಟ ಆಸ್ತಿಯನ್ನು ಸ್ವಾಧೀನಕ್ಕೆ ಪಡೆಯಬಹುದು. ಸಣ್ಣ ಉತ್ಪಾದಕರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆ ಇದೆ. 45 ದಿನದೊಳಗೆ ಹಣ ಬಾರದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ದೂರು ಕೇಳಲು ಪ್ರತ್ಯೇಕ ಮಂಡಳಿ. ಸರಕು ಕೊಂಡು ಮಾರುವ ನಮ್ಮಂಥ ಅಂಗಡಿಯವರಿಗೆ ಇವೆರಡೂ ಒದಗುವುದಿಲ್ಲ. ನಮಗೆ ಇರುವುದು ಸಿವಿಲ್ ನ್ಯಾಯಾಲಯ ಒಂದೇ. ಅದು ಕೊಟ್ಟ ಡಿಕ್ರಿ ಜಾರಿಯಾಗದಿದ್ದರೆ ಜನ ವಸೂಲಿಗೆ ಪುಂಡರನ್ನು ಹಿಡಿಯುತ್ತಾರೆ. ಇಲ್ಲವೇ ಉದ್ರಿ ಕೊಡುವುದನ್ನೇ ನಿಲ್ಲಿಸುತ್ತಾರೆ. ಆಗ ಮೊದಲು ಬರಿಗೈಯಲ್ಲಿ ವಾಪಸಾಗುವವರು ನಂಬಿಕೆಯಿಂದ ತೀರಿಸುತ್ತಿದ್ದ ಬಡವರೇ.

ಆದ್ದರಿಂದ ತಮ್ಮಲ್ಲಿ ಮೂರು ಬೇಡಿಕೆ.

ಮೊದಲನೆಯದು ಆಸ್ತಿ ಪ್ರಮಾಣಪತ್ರ. ಡಿಕ್ರಿದಾರ ಮತ್ತೊಂದು ಅರ್ಜಿ ಹಾಕಿ, ಮತ್ತೊಂದು ವಾಯಿದೆ ಕಾಯುವ ಬದಲು, ಹಣದ ಡಿಕ್ರಿಯ ಪ್ರತಿ ಅಮಲ್ಜಾರಿಯಲ್ಲೂ ಮೊದಲ ನೋಟಿಸಿನ ಜೊತೆಗೇ ಅದರ ನಮೂನೆ ಸಾಲಗಾರನಿಗೆ ತಲುಪಲಿ. ಬ್ಯಾಂಕ್ ಖಾತೆ, ವಾಹನ, ನಿವೇಶನ, ಬರಬೇಕಾದ ಬಿಲ್ಲು, ದಾವೆ ಹೂಡಿದ ಮೇಲೆ ಯಾರ ಹೆಸರಿಗೆ ಏನು ವರ್ಗಾವಣೆಯಾಯಿತು ಎಂಬುದೆಲ್ಲ ಅದರಲ್ಲಿ ಇರಲಿ. ನಿಜವಾಗಿಯೂ ಏನೂ ಇಲ್ಲದವನಿಗೆ ಇದರಿಂದ ತೊಂದರೆಯಿಲ್ಲ; ಇಲ್ಲ ಎಂದು ಬರೆದರೆ ಸಾಕು, ಅಮೀನರು ಪದೇ ಪದೇ ಬಾಗಿಲಿಗೆ ಬರುವ ಅವಮಾನವೂ ತಪ್ಪುತ್ತದೆ. ಬಚ್ಚಿಟ್ಟವನಿಗೆ ಮಾತ್ರ ಇದು ಕಷ್ಟ.

ಎರಡನೆಯದು ಲೆಕ್ಕ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪ್ರತಿ ನ್ಯಾಯಾಲಯದಲ್ಲಿ ಎಷ್ಟು ಅಮಲ್ಜಾರಿ ಅರ್ಜಿಗಳಿವೆ, ಅವುಗಳಲ್ಲಿ 6 ತಿಂಗಳು ದಾಟಿದವು ಎಷ್ಟು ಎಂದು ಪ್ರತಿ ತಿಂಗಳೂ ಕೋರ್ಟಿನ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಹಾಕಿಸಿ.

ಮೂರನೆಯದು ಬಡ್ಡಿ. ವ್ಯಾಪಾರದ ಬಾಕಿಗೆ ಡಿಕ್ರಿಯ ನಂತರವೂ ಶೇ 6ಕ್ಕಿಂತ ಹೆಚ್ಚು ಬಡ್ಡಿ ಕೊಡಿಸಲು ಸಂಹಿತೆಯ 34ನೇ ಸೆಕ್ಷನ್ನಿನಲ್ಲೇ ಅವಕಾಶವಿದೆ. ಬಡ್ಡಿ ಕಡಿಮೆಯಿದ್ದಷ್ಟೂ ಸೋತವನಿಗೆ ಎಳೆದಾಡುವುದೇ ಲಾಭ. ಆ ಅವಕಾಶವನ್ನು ಬಳಸುವಂತೆ ವಿಚಾರಣಾ ನ್ಯಾಯಾಧೀಶರಿಗೆ ನೆನಪಿಸಿ.

ನಿಯಮ ರೂಪಿಸುವ ಅಧಿಕಾರವನ್ನು ಸಂಹಿತೆಯ 122ನೇ ಸೆಕ್ಷನ್ ಹೈಕೋರ್ಟಿಗೇ ಕೊಟ್ಟಿದೆ. ಹೊಸ ಕಾಯ್ದೆ ಬೇಕಿಲ್ಲ, ಶಾಸನಸಭೆಯ ಬಾಗಿಲು ಕಾಯಬೇಕಿಲ್ಲ. ಆಸ್ತಿ ವಿವರವನ್ನು ಮೊದಲ ನೋಟಿಸಿನಲ್ಲೇ ಕೇಳಿ ಎಂಬ ಒಂದು ನಿಯಮ ತಮ್ಮಿಂದ ಬಂದರೆ, ಉಳಿದದ್ದನ್ನು ನಮ್ಮ ವಕೀಲರು, ಅಮೀನರು ನೋಡಿಕೊಳ್ಳುತ್ತಾರೆ. ಈ ವರ್ಷವೇ ಅದನ್ನು ಮಾಡಿ ಎಂದು ಗೌರವದಿಂದ, ಒತ್ತಾಯದಿಂದ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಿರೇಗುಂಟನೂರಿನ ಒಬ್ಬ ಡಿಕ್ರಿದಾರ ವ್ಯಾಪಾರಿ